ಸೀಸ ಇಟ್ಟ ಹೆಸರು

“ಮುಂದಿನ ಕೂಸು ಉಳಿಯುತ್ತೆ ಕಣ್ರೀ” ಅಂದಳು ನನ್ನ ಹೆಂಡತಿ. ಹುಟ್ಟಿದ ಮೂರೂ ಹೋಗಿದ್ದವು. ಮೂರನೆಯದರ ಹಿಂದೆಯೇ, ಅದೇ ಸಂಜೆ, ಅವಳೂ ಹೋದಳು. ಅವಳಿಗೆ ನಾನು ಕೊಡದೆ ಉಳಿಸಿಕೊಂಡ ಉತ್ತರ ಈ ಕಥೆ.

ಒಂದು ಪ್ರಯೋಗಶಾಲೆಯ ಯಂತ್ರದೊಳಗೆ ಸೀಸದ ತುಂಡೊಂದಿತ್ತು. ಲೋಕದಲ್ಲೆಲ್ಲೂ ಇಲ್ಲದಂಥ ಭಾರದ ಧಾತುಗಳನ್ನು ಅಲ್ಲಿ ಹುಟ್ಟಿಸುತ್ತಿದ್ದರು. ಹುಟ್ಟಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದುಹೋಗುತ್ತಿತ್ತು.

ಒಂದು ದಿನ ಹೊಸದೊಂದು ಹುಟ್ಟಿ ಸೀಸವನ್ನು ಕೇಳಿತು: “ತಾತಾ, ನೀನೂ ಭಾರವೇ. ನೀನು ಮಾತ್ರ ಹೇಗೆ ಗುಂಡುಕಲ್ಲಿನ ಹಾಗೆ ಕೂತಿದ್ದೀಯ?”

“ನನ್ನೊಳಗಿನ ಕಣಗಳು ಒಂದಕ್ಕೊಂದು ಹೊಂದಿಕೊಂಡಿವೆ, ಮಗು. ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.”

“ನಾನು ಉಳೀತೀನಾ?”

“ಭಾರದವರಿಗೂ ನೆಲೆ ಸಿಗುವ ದ್ವೀಪವೊಂದು ನಮ್ಮ ಧಾತುಗಳ ಸಾಲಿನಲ್ಲಿ ಮುಂದೆಲ್ಲೋ ಇದೆ ಅಂತಾರೆ ವಿಜ್ಞಾನಿಗಳು.”

“ಅಲ್ಲಿಗೆ ಹೋಗಿ ನಿಂತವರು ಯಾರು?”

“ಇನ್ನೂ ಯಾರೂ ಇಲ್ಲ.”

“ಹಾಗಾದರೆ ಆ ಮಾತು ಬಿಡು. ಬೇರೆ ಏನಾದರೂ ಮಾಡು, ಬೇಗ!”

ಸೀಸಕ್ಕೆ ಜನರ ಪದ್ಧತಿಯೊಂದು ನೆನಪಾಯಿತು. ಕೂಸು ನಿಲ್ಲದ ಮನೆಯಲ್ಲಿ ತಿಪ್ಪ, ಕಲ್ಲ ಅಂತ ಹೆಸರಿಡುತ್ತಾರೆ. ಸಾವು ಅಸಹ್ಯಪಟ್ಟು ಬಿಟ್ಟುಹೋಗಲಿ ಅಂತ. ಆದರೆ ಅಷ್ಟು ಚೆಂದದ ಕೂಸನ್ನು ತಿಪ್ಪೆ ಅನ್ನಲು ಸೀಸಕ್ಕೆ ಮನಸ್ಸು ಬರಲಿಲ್ಲ. ಯೋಚಿಸುತ್ತಾ ಕೂತಿತು. ಕೊನೆಗೆ ಗಟ್ಟಿ ಮನಸ್ಸು ಮಾಡಿ, “ತಿಪ್ಪಾ” ಅಂತ ಕೂಗಿತು.

ಓಗೊಡಲು ಯಾರೂ ಇರಲಿಲ್ಲ.

ಹೆಂಡತಿಯನ್ನು ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಾನು ತೊಟ್ಟಿಲನ್ನು ಒಡೆದು ಒಲೆಗೆ ಹಾಕಿದೆ. ಆ ಉರಿಯಲ್ಲಿ ಸ್ನಾನದ ನೀರು ಕಾಯಿಸಿಕೊಂಡೆ.