ತುದಿಗೆ ಕಟ್ಟಿದ ಮಣಿ

ಪ್ರಫುಲ್ಲಮ್ಮನವರಿಗೆ ಮಧ್ಯಾಹ್ನ ಕೂತು ಮಣಿಸರ ಪೋಣಿಸುವ ಹುಚ್ಚು. ಪೋಣಿಸಿದ ಮಣಿಗಳು ಜಾರಿಹೋಗದಂತೆ ದಾರದ ತುದಿಗೆ ಮೊದಲೇ ಒಂದು ಹಳೆಯ ಮಣಿಯನ್ನು ಕಟ್ಟಿಕೊಳ್ಳುವುದು ಅವರ ರೂಢಿ. ಆ ದಿನ ಕಟ್ಟಿದ್ದು ಅಂಚು ಒಡೆದ ಬೂದು ಮಣಿ. ಅದರ ಪಕ್ಕಕ್ಕೇ ಬಂದು ಕೂತದ್ದು ಹೊಸ ಕೆಂಪು ಗಾಜಿನ ಮಣಿ.

ಕೆಂಪು ಮಣಿಗೆ ಮೈಯೆಲ್ಲ ಉರಿದುಹೋಯಿತು. “ಏನಯ್ಯಾ, ಈ ಮುಖ ಹೊತ್ತುಕೊಂಡು ನೀನೂ ನಮ್ಮ ಜೊತೆ ಮದುವೆಮನೆಗೆ ಬರುತ್ತೀಯಾ?”

“ಇಲ್ಲ ತಾಯಿ. ಸರ ಮುಗಿದ ಕೂಡಲೇ ನನ್ನನ್ನು ಬಿಚ್ಚುತ್ತಾರೆ.”

“ಹಾಗಾದರೆ ಈಗಲೇ ತೊಲಗಬಾರದೇಕೆ?”

“ನಾನು ತೊಲಗಿದರೆ ಮೊದಲು ನೆಲಕ್ಕೆ ಬೀಳುವವಳು ನೀನೇ.”

ಕೆಂಪು ಮಣಿಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಸಂಜೆಗೆ ಸರ ಮುಗಿಯಿತು. ಪ್ರಫುಲ್ಲಮ್ಮ ಗಂಟು ಹಾಕಿ, ಬೂದು ಮಣಿಯನ್ನು ಬಿಚ್ಚಿ ಡಬ್ಬಿಗೆ ಎಸೆದರು. ಕೆಂಪು ಮಣಿ ತಿರುಗಿಯೂ ನೋಡಲಿಲ್ಲ.

ಮದುವೆ, ಸೀಮಂತ, ನಾಮಕರಣ ಎಂದು ಊರೆಲ್ಲ ಸುತ್ತಿದ ಸರ ಒಂದು ದಿನ ಹರಿಯಿತು. ಕಲ್ಲುನೆಲಕ್ಕೆ ಬಿದ್ದ ಕೆಂಪು ಮಣಿಯ ಅಂಚು ಒಡೆಯಿತು. ಅದೂ ಡಬ್ಬಿ ಸೇರಿತು. ಮುಂದಿನ ಸರಕ್ಕೆ ದಾರ ಕತ್ತರಿಸಿದ ಪ್ರಫುಲ್ಲಮ್ಮ, ಕೈಗೆ ಸಿಕ್ಕಿದ ಅದನ್ನೇ ತುದಿಗೆ ಕಟ್ಟಿದರು.

ಪಕ್ಕಕ್ಕೆ ಬಂದ ಹೊಸ ಹಸಿರು ಮಣಿ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀನೂ ನಮ್ಮ ಜೊತೆ ಬರುತ್ತೀಯಾ?” ಎಂದು ಕೇಳಿತು.

ಕೆಂಪು ಮಣಿ ದಾರವನ್ನು ಬಿಗಿಯಾಗಿ ಹಿಡಿದುಕೊಂಡಿತು.

“ಅದಿರಲಿ, ಮಗಳೇ. ನನಗೆ ಒರಗಿ ಕೂತುಕೋ, ಬೀಳುವುದಿಲ್ಲ,” ಎಂದಿತು.