ಮಾರಲಿಂಗನಿಗೆ ಹಾಸ್ಟೆಲ್ ಸಿಕ್ಕಿದ್ದು

ಒಂದೂರಲ್ಲಿ ತಿಪ್ಪಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಮಾರಲಿಂಗ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. "ಹಾಲು ಉಕ್ಕೋದನ್ನ ನೋಡ್ತಿರು" ಅಂದರೆ, ಉಕ್ಕಿ ಒಲೆ ಆರುವ ತನಕ ನೋಡಿ, "ಚೆನ್ನಾಗಿ ಉಕ್ಕಿತವ್ವಾ!" ಅನ್ನುವವನು. ಇಂಥವನು ಪಿಯುಸಿ ಹೇಗೆ ಪಾಸಾದ ಅಂತೀರಾ? ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದ, ಪಾಸಾದ! ಪಟ್ಟಣದ ಕಾಲೇಜಿನಲ್ಲಿ ಬಿ.ಎ.ಗೂ ಸೇರಿದ.

ಅವರ ವಂಶದಲ್ಲಿ ಕಾಲೇಜಿನ ಗೇಟು ದಾಟಿದವರು ಯಾರೂ ಇಲ್ಲ. ತಿಪ್ಪಮ್ಮ ಕಂಡವರ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕೂಲಿಯವಳು. ದಿನಾ ಬಸ್ಸಿಗೆ ಕೊಟ್ಟು ಓದಿಸುವ ಶಕ್ತಿ ಅವಳಿಗಿಲ್ಲ. ಪಟ್ಟಣದಲ್ಲಿ ಬಡ ಹುಡುಗರಿಗೆ ಪುಕ್ಕಟೆ ಹಾಸ್ಟೆಲ್ ಇದೆ. ಅಲ್ಲಿ ಜಾಗ ಸಿಕ್ಕಿದರೆ ಓದು, ಸಿಗದಿದ್ದರೆ ಇಲ್ಲ. ಇದೊಂದು ನಿಮಗೆ ಗೊತ್ತಿರಲಿ.

ಮೊದಲ ದಿನ ತಿಪ್ಪಮ್ಮ ಹೇಳಿದಳು: "ಅಲ್ಲಿ ದೊಡ್ಡ ದೊಡ್ಡವರಿರ್ತಾರೆ ಮಗನೇ. ಗೌಡರ ಮನೇಲಿ ನಿಲ್ಲೋ ಹಾಗೆ ಕೈಕಟ್ಟಿ ನಿಲ್ಲು. ಅವರಾಗಿ ಕರೆಯೋ ತನಕ ಹೊಸಲು ದಾಟಬೇಡ!"

"ಆಗಲವ್ವಾ!"

ಹೋದ. ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟ, ಕೈಕಟ್ಟಿ ನಿಂತ. ಮೇಷ್ಟ್ರು ಬಂದರು, ಪಾಠ ಮಾಡಿದರು, ಹೋದರು. ಇನ್ನೊಬ್ಬರು ಬಂದರು, ಪಾಠ ಮಾಡಿದರು, ಹೋದರು. ಕಾಲೇಜಿನಲ್ಲಿ ಯಾರೂ ಯಾರನ್ನೂ ಒಳಗೆ ಬಾ ಅಂತ ಕರೆಯುವುದಿಲ್ಲ. ಅದು ಇವನಿಗೂ ಗೊತ್ತಿಲ್ಲ, ಇವನವ್ವನಿಗೂ ಗೊತ್ತಿಲ್ಲ. ಸಂಜೆ ಬೀಗ ಹಾಕಲು ಬಂದ ಜವಾನ, "ಯಾರಿಗೆ ಕಾಯ್ತಿದೀಯಪ್ಪಾ?" ಅಂದ.

"ಕರೆಯೋರಿಗೆ ಕಣಣ್ಣಾ!"

ಮನೆಯಲ್ಲಿ ಇದನ್ನು ಕೇಳಿ ತಿಪ್ಪಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಕರೆದು ಕೂರಿಸೋಕೆ ಅವರೇನು ನಿನ್ನ ಬೀಗರೇನೋ? ನೀನಾಗಿ ನುಗ್ಗು! ಮುಂದಿನ ಬೆಂಚು ಹಿಡಿ! ಯಾರು ಬಂದರೂ ಏಳಬೇಡ!"

"ಆಗಲವ್ವಾ!"

ಮಾರನೆ ದಿನ ನುಗ್ಗಿದ, ಮುಂದಿನ ಬೆಂಚು ಹಿಡಿದ. ಶಾಲೆಯಲ್ಲಾದರೆ ಮಕ್ಕಳು ಒಂದೇ ಕಡೆ ಕೂತಿರುತ್ತಾರೆ. ಕಾಲೇಜಿನಲ್ಲಿ ಹಾಗಲ್ಲ, ಗಂಟೆ ಹೊಡೆದರೆ ಎದ್ದು ಬೇರೆ ಕೋಣೆಗೆ ಹೋಗಬೇಕು. ಗಂಟೆ ಹೊಡೆಯಿತು. ಎಲ್ಲರೂ ಎದ್ದರು, ಇವನು ಏಳಲಿಲ್ಲ. ಎರಡನೇ ವರ್ಷದ ಹುಡುಗಿಯರು ಬಂದರು, ಏಳಲಿಲ್ಲ. ಕೊನೇ ವರ್ಷದ ಬಿ.ಕಾಂ.ನವರು ಬಂದರು, ಏಳಲಿಲ್ಲ.

"ಯಾರಯ್ಯ ನೀನು? ಎದ್ದೇಳು!" ಅಂದರು ಮೇಷ್ಟ್ರು.

"ಏಳಲ್ಲ ಸಾ! ನಮ್ಮವ್ವ ಬ್ಯಾಡ ಅಂದವ್ಳೆ!"

ನಾಲ್ಕು ಜನ ಸೇರಿ ಬೆಂಚಿನ ಸಮೇತ ಎತ್ತಿ ಹೊರಗಿಟ್ಟರು.

"ಅಯ್ಯೋ ನನ್ನ ಕರ್ಮವೇ!" ಅಂದಳು ತಿಪ್ಪಮ್ಮ. "ಜೊತೆಯವರು ಎದ್ದರೆ ಏಳಬೇಕಲ್ಲೋ! ನಿನ್ನ ಕ್ಲಾಸಿನವನು ಯಾರನ್ನಾದರೂ ಹಿಡ್ಕೋ. ಅವನು ಎದ್ದರೆ ಏಳು! ನಡೆದರೆ ನಡಿ! ಬರೆದರೆ ಬರಿ!"

"ಆಗಲವ್ವಾ!"

ಮಾರನೆ ದಿನ ಇಮ್ತಿಯಾಜ್ ಅನ್ನುವ ಹುಡುಗನನ್ನು ಹಿಡಿದ. ಅವನು ಎದ್ದ, ಇವನೂ ಎದ್ದ. ಅವನು ನೀರು ಕುಡಿದ, ಇವನೂ ಕುಡಿದ. ಅವನು ಕೆಮ್ಮಿದ, ಇವನೂ ಕೆಮ್ಮಿದ. ಅವತ್ತೇ ಕಾಲೇಜಿನ ಆಫೀಸಿನಲ್ಲಿ ಹಾಸ್ಟೆಲ್ ಅರ್ಜಿ ಹಂಚಿದರು. ಅವನು ಬರೆದ, ಇವನೂ ನೋಡಿ ನೋಡಿ ಬರೆದ.

ಗುಮಾಸ್ತರು ಎರಡು ಅರ್ಜಿ ಹಿಡಿದು, "ನಿಮ್ಮಿಬ್ಬರಲ್ಲಿ ಇಮ್ತಿಯಾಜ್ ಯಾರಯ್ಯ?" ಅಂದರು. ಇಮ್ತಿಯಾಜ್ ಕೈ ಎತ್ತಿದ. ಮಾರಲಿಂಗನೂ ಎತ್ತಿದ!

"ಹೆಸರೂ ಅವನದು, ಊರೂ ಅವನದು, ಅವ್ವನ ಹೆಸರೂ ಅವನದೇ!" ತಿಪ್ಪಮ್ಮ ಕೂಗಾಡಿದಳು. "ಒಂಬತ್ತು ತಿಂಗಳು ಹೊತ್ತವಳು ನಾನೋ ಆಕೆಯೋ?"

"ಅವನು ಹಾಗೇ ಬರೆದನವ್ವಾ!"

"ನಿಂದು ನೀನು ಬರಿ! ಇನ್ನು ಹಾಸ್ಟೆಲ್ ವಾರ್ಡನ್ ಸಾಹೇಬರು ಹೇಳಿದ ಹಾಗೆ ಕೇಳು!"

"ಆಗಲವ್ವಾ!"

ಗುಮಾಸ್ತರು ಒಳ್ಳೆಯವರು, ಬೇರೆ ಅರ್ಜಿ ಕೊಟ್ಟರು. ತನ್ನದು ತಾನು ಬರೆದ. ಜಾಗ ಸಿಕ್ಕೇಬಿಟ್ಟಿತು! ವಾರ್ಡನ್ ಹೇಳಿದರು: "ಸೋಮವಾರ ಸಂಜೆ ಆರರೊಳಗೆ ಬಂದು ಸಹಿ ಹಾಕು. ತಪ್ಪಿದರೆ ಜಾಗ ಮುಂದಿನವನಿಗೆ. ಗಂಟುಮೂಟೆ ಹೊತ್ತು ತರಬೇಡ. ಯಾವುದಿಲ್ಲದಿದ್ದರೆ ನಿನಗೆ ದಿನ ಸಾಗೋಲ್ಲವೋ ಅದನ್ನಷ್ಟೇ ತಾ."

ಸೋಮವಾರ ಮಾರಲಿಂಗ ಅವ್ವನ ಕೈ ಹಿಡಿದು ಬಂದ. ಬಿಟ್ಟುಬರೋಕೆ ಕರೆದಿದ್ದಾನೆ ಅಂತ ಅವಳೂ ಬಂದಳು.

"ತಟ್ಟೆ ಎಲ್ಲಯ್ಯ? ಹೊದಿಕೆ ಎಲ್ಲಿ?" ಅಂದರು ವಾರ್ಡನ್.

"ಅದಿಲ್ಲದಿದ್ರೂ ಸಾಗ್ತದೆ ಸಾ! ಇವಳಿಲ್ಲದಿದ್ರೆ ನಾಳೆ ಏನು ಮಾಡಬೇಕು ಅಂತ ಹೇಳೋರ್ಯಾರು? ಮಂಚ ಇವಳಿಗಿರಲಿ, ನಾನು ನೆಲದ ಮೇಲೆ ಮಲಗ್ತೀನಿ!"

ಹುಡುಗರೆಲ್ಲ ಹೊಟ್ಟೆ ಹಿಡಿದು ನಕ್ಕರು. ತಿಪ್ಪಮ್ಮನಿಗೆ ನಾಚಿಕೆಯೂ ಬಂತು, ಸಿಟ್ಟೂ ಬಂತು. "ಗಂಡು ಹುಡುಗರ ಮಧ್ಯೆ ನನಗೆ ಮಂಚ ಹಾಕಿಸ್ತೀಯೇನೋ! ಸಾಕು ಕಣೋ! ಇನ್ನು ಮೇಲೆ ನನ್ನ ಮಾತು ಒಂದೂ ಕೇಳಬೇಡ!"

"ಆಗಲವ್ವಾ!"

"ಹೋಗು, ಸಹಿ ಹಾಕು."

ಮಾರಲಿಂಗ ಕದಲಲಿಲ್ಲ.

"ಆರಾಗೋಕೆ ಐದೇ ನಿಮಿಷ ಕಣೋ! ಹೋಗೋ ಒಳಗೆ!"

ಮೆಟ್ಟಿಲ ಮೇಲೆ ಕೂತುಬಿಟ್ಟ. ಅವಳ ಮಾತು ಒಂದೂ ಕೇಳಬಾರದಲ್ಲ, ಅದಕ್ಕೆ!

ವಾರ್ಡನ್ ಗಡಿಯಾರ ನೋಡಿದರು, ರಿಜಿಸ್ಟರ್ ಮುಚ್ಚಲು ಕೈ ಹಾಕಿದರು. ತಿಪ್ಪಮ್ಮ ಮೆಟ್ಟಿಲ ಬಳಿಗೆ ಓಡಿದಳು. ಮಗನ ಮುಖ ನೋಡಿದಳು. ಇಷ್ಟು ವರ್ಷ ಸಾಕಿದವಳಿಗೆ ತಟ್ಟನೆ ಹೊಳೆಯಿತು. ಸೆರಗು ಸಿಕ್ಕಿಸಿಕೊಂಡು ಕೂಗಿದಳು:

"ಸಹಿ ಹಾಕಬೇಡ! ನಡಿ ಊರಿಗೆ!"

ಮಾರಲಿಂಗ ಚಂಗನೆ ಎದ್ದ, ಒಳಗೆ ಓಡಿದ, ಸಹಿ ಹಾಕಿದ!

ತಿಪ್ಪಮ್ಮ ಕಣ್ಣೊರೆಸಿಕೊಂಡು ಬಸ್ಸಿನ ಕಡೆ ಹೊರಟಳು. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನಿಂತು, ದಾರಿಹೋಕರು ಬಾಯಿ ಬಿಟ್ಟು ನೋಡುವ ಹಾಗೆ ಕೂಗುತ್ತಿದ್ದಳು:

"ಹೊಟ್ಟೆ ತುಂಬ ಉಣ್ಣಬೇಡ ಮಗನೇ! ಕ್ಲಾಸಿಗೆ ಹೋಗಬೇಡ! ಫಸ್ಟ್ ಕ್ಲಾಸಲ್ಲಂತೂ ಪಾಸಾಗಲೇಬೇಡ ಕಣೋ!"