ಹೊರತಿಲ್ಲದ ಕಗ್ಗಲಹಟ್ಟಿ

ಗುಡ್ಡದ ಮಲ್ಲಯ್ಯನ ತಲೆಯ ಮೇಲೊಂದು ಹೂವಿಟ್ಟು, ಕೇಳೋಕೆ ಕೂತ ನಿಮಗೆಲ್ಲ ಶರಣು ಮಾಡಿ ಹೇಳುವ ಕತೆ ಇದು. ಕಗ್ಗಲಹಟ್ಟಿ ಅಂತ ಒಂದು ಪಾಳೆಯ. ಅಲ್ಲಿ ಹಾಲವ್ವ ಅಂತ ಒಬ್ಬ ತಾಯಿ. ಆಕೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಬೋಸಯ್ಯ, ಜಾಣ. ಚಿಕ್ಕವನು ಪಾಲಯ್ಯ, ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಒಲೆ ಕಡೆ ನೋಡ್ತಾ ಇರು" ಅಂದರೆ ಹಾಲು ಉಕ್ಕಿ ಬೂದಿಗೆ ಇಳಿದರೂ ನೋಡ್ತಾನೇ ಇರುವವನು.

"ಮಲ್ಲಯ್ಯಾ, ಜಾಣನನ್ನ ಕಂಡವರ ಕೈಗೆ ಕೊಟ್ಟೆ, ಪೆದ್ದನನ್ನ ನನ್ನ ಮಡಿಲಿಗೆ ಬಿಟ್ಟೆ" ಅಂತ ಹಾಲವ್ವ ದಿನಾ ಬೆಳಿಗ್ಗೆ ದೀಪದ ಮುಂದೆ ಕೂತು ಕಣ್ಣೊರೆಸಿಕೊಳ್ಳುವಳು.

ಆ ಸೀಮೆಯಲ್ಲಿ ಏಳು ಪಾಳೆಯ. ದನ ಮೇಯಿಸುವ ಕಾವಲಿಗೆ ಜಗಳ ಬಂತೋ, ಇವರ ಆಳನ್ನು ಅವರು ಹಿಡಿದು ಒತ್ತೆ ಇಟ್ಟುಕೊಳ್ಳುವುದು. "ಕಾವಲು ಬಿಡಿ, ಆಳನ್ನ ಬಿಡ್ತೀವಿ" ಅನ್ನುವುದು. ಬೋಸಯ್ಯ ಹೀಗೇ ಎತ್ತಿನಗುಡ್ಡದವರ ಕೈಗೆ ಸಿಕ್ಕು ಮೂರು ವರ್ಷವಾಗಿತ್ತು.

ಗುಡ್ಡದ ಪೂಜಾರಿ ಅಜ್ಜಯ್ಯನಿಗೆ ಇದನ್ನು ನೋಡಿ ನೋಡಿ ಸಾಕಾಯಿತು. ಏಳೂ ಪಾಳೆಯಕ್ಕೆ ಹೇಳಿ ಕಳಿಸಿದ. "ಯಾರೂ ಯಾರನ್ನೂ ಹಿಡಿದಿಟ್ಟು ಇಂಥದ್ದು ಕೊಡಿ ಅನ್ನಕೂಡದು. ಹೀಗೆಂದು ಮಲ್ಲಯ್ಯನ ಮುಂದೆ ಒಡಂಬಡಿಕೆ. ಒಪ್ಪಿದವರ ಹೆಸರು ತಾಮ್ರದ ಹಲಗೆ ಮೇಲೆ ಕೆತ್ತಿಸ್ತೀನಿ. ಯಾರಿಗಾದರೂ ಯಾವುದಾದರೂ ಒಂದು ಮಾತು ಒಪ್ಪಿಗೆ ಇಲ್ಲವೋ, ಅದನ್ನು 'ಹೊರತು' ಅಂತ ಕೆಳಗೆ ಕೆತ್ತಿಸಿ. ಆದರೆ ನೀವು ಇಟ್ಟ ಹೊರತನ್ನ ಎದುರಿನವರೂ ನಿಮ್ಮ ಮೇಲೆ ಹಿಡಿಯಬಹುದು. ಮೂರು ಸೋಮವಾರ ಕಾಯ್ತೀನಿ. ಏಳೂ ಹೆಸರು ಬಿದ್ದರೆ ಒತ್ತೆಯವರೆಲ್ಲ ಮನೆಗೆ. ಒಂದು ಕಮ್ಮಿಯಾದರೂ ಹಲಗೆ ಕರಗಿಸಿ ಗಂಟೆ ಮಾಡಿಸ್ತೀನಿ."

ಇನ್ನೊಂದು ಕಟ್ಟಳೆ ಇತ್ತು. ಪಾಳೆಯದ ಪರವಾಗಿ ಮಾತು ಕೊಡಬೇಕಾದವನು ಒತ್ತೆ ಹೋದವನ ಮನೆಯ ಗಂಡಸೇ ಆಗಬೇಕು. ನೋವು ಉಂಡವರ ಬಾಯಲ್ಲಿ ಬಂದ ಮಾತೇ ಗಟ್ಟಿ ಅಂತ. ಕಗ್ಗಲಹಟ್ಟಿಯಲ್ಲಿ ಅಂಥ ಮನೆ ಹಾಲವ್ವನದೊಂದೇ. ಆ ಮನೆಯಲ್ಲಿ ಗಂಡಸು ಅಂತ ಉಳಿದವನು ಪಾಲಯ್ಯ ಒಬ್ಬನೇ.

ಹಾಲವ್ವ ಮಗನಿಗೆ ತಲೆ ಬಾಚಿ, ವಿಭೂತಿ ಹಚ್ಚಿ, "ಮಗಾ, ಅಲ್ಲಿ ಏನೂ ತಿಳೀದೆ ಹೋದರೆ ನಿನಗಿಂತ ಮುಂಚೆ ನಿಂತವನು ಹೇಳಿದ್ದನ್ನೇ ಹೇಳು" ಅಂದಳು.

"ಹೂಂ ಅವ್ವಾ" ಅಂದ, ಹೋದ.

ಗುಡಿಯಲ್ಲಿ ಅವನಿಗಿಂತ ಮುಂಚೆ ನಿಂತಿದ್ದವನು ಎತ್ತಿನಗುಡ್ಡದವನು. ಅವನು ಕೈಮುಗಿದು, "ಎತ್ತಿನಗುಡ್ಡದ ಕಣುಮಪ್ಪ ನಾಯಕರು ಒಪ್ಪಿದ್ದಾರೆ. ಹೊರತು ಒಂದೇ: ಜಗಳ ಬಂದರೆ ನಾವಾಗಿ ಬರದ ಹೊರತು ನಮ್ಮನ್ನ ಗುಡ್ಡದ ಪಂಚಾಯ್ತಿಗೆ ಎಳೀಬೇಡಿ" ಅಂದ. ಅಜ್ಜಯ್ಯ ತಲೆಯಾಡಿಸಿದ. ಹಲಗೆ ಕೆತ್ತುವ ಆಚಾರಿ ಕೆತ್ತಿದ.

ಪಾಲಯ್ಯ ಮುಂದೆ ಬಂದ. ಅವನೂ ಕೈಮುಗಿದ. "ಎತ್ತಿನಗುಡ್ಡದ ಕಣುಮಪ್ಪ ನಾಯಕರು ಒಪ್ಪಿದ್ದಾರೆ. ಹೊರತು ಒಂದೇ" ಅಂತ ಶುರು ಮಾಡಿ, ಒಂದು ಮಾತೂ ತಪ್ಪದಂತೆ ಒಪ್ಪಿಸಿದ.

"ಅಲ್ಲಪ್ಪಾ, ನೀನು ಕಗ್ಗಲಹಟ್ಟಿಯವನಲ್ಲವಾ?" ಅಂದ ಅಜ್ಜಯ್ಯ.

"ಹೌದು ಅಜ್ಜಯ್ಯಾ. ಇವನು ಅದನ್ನ ಹೇಳಲಿಲ್ಲ, ನಾನೂ ಹೇಳಲಿಲ್ಲ."

ಗುಡಿಯಲ್ಲಿ ನಗುವೋ ನಗು. ಅವನಾದ ಮೇಲೆ ಇನ್ನೊಂದು ಪಾಳೆಯದವನು ಬಂದು, "ಒಪ್ಪಿದ್ದೀವಿ, ನಮ್ಮ ನಾಯಕರಿಗೆ ಸಿಟ್ಟು ಬಂದಾಗಿನ ಹೊರತು" ಅಂದಾಗ ಅಜ್ಜಯ್ಯ, "ಕೊಂಬೆ ಬೇಕಾದರೆ ಕಡಿ, ಬುಡಾನೇ ಕಡೀಬೇಡ. ಆ ಹೊರತು ನಡೆಯೋದಿಲ್ಲ" ಅಂತ ಅದನ್ನು ತೆಗೆಸಿ ಬೇರೊಂದು ಸಣ್ಣ ಹೊರತು ಇಡಿಸಿದ. ಅಂತೂ ಆ ದಿನ ಆರು ಹೆಸರು ಬಿದ್ದವು. ಏಳನೆಯದು ಬೀಳಲಿಲ್ಲ.

ಹಾಲವ್ವ ಹಣೆ ಹಣೆ ಬಡಿದುಕೊಂಡಳು. "ಅಯ್ಯೋ ಪೆದ್ದು ಮುಂಡೇದೇ, ಕಂಡವರ ಮಾತು ನಿನಗ್ಯಾಕೆ? ನಮ್ಮ ನಾಯಕರ ಹತ್ತಿರ ಹೋಗು. ಅವರ ಬಾಯಿಂದ ಬಂದದ್ದನ್ನ ಒಂದಕ್ಷರ ಬಿಡದೆ ಹೇಳು."

"ಹೂಂ ಅವ್ವಾ" ಅಂದ, ನಾಯಕರ ಹತ್ತಿರ ಹೋದ. ಎರಡನೇ ಸೋಮವಾರ ಗುಡಿಯಲ್ಲಿ ನಿಂತು, ನಾಯಕರ ಹಾಗೇ ಗಂಟಲು ಕೆರೆದುಕೊಂಡು ಹೇಳಿದ:

"ಬಾರಯ್ಯಾ ಪಾಲಯ್ಯ, ಕೂತ್ಕೊ. ಆ ನಾಯೀನ ಒಳಗೆ ಬಿಟ್ಟೋರು ಯಾರು, ಹಚ್ಚಾ. ಲೋಡು ಬೆನ್ನಿಗೆ ಒತ್ತುತ್ತೆ, ಸರಿಸು. ಹೋಗಿ ಹೇಳು, ಕಸ್ತೂರಿ ನಾಯಕ ಒಪ್ಪಿದ್ದಾನೆ ಅನ್ನು. ಹೊರತು, ಕಾವಲಿನ ಜಗಳದಲ್ಲಿ ಸಿಕ್ಕವರ ಮಾತು ಬೇರೆ. ಎಲೆ ಅಡಿಕೆ ತಗಂಬಾ. ಎತ್ತಿನಗುಡ್ಡದವರು ಅಂದರೆ ನನಗೆ ಭಯ ಅನ್ನೋದು ಅಲ್ಲಿ ಯಾರಿಗೂ ಗೊತ್ತಾಗಬಾರದು."

ಎತ್ತಿನಗುಡ್ಡದವನು ಕಂಬ ಹಿಡಿದುಕೊಂಡು ನಕ್ಕ. ಆಚಾರಿ ಉಳಿ ಎತ್ತಿ, "ಅಜ್ಜಯ್ಯಾ, ಇದರಲ್ಲಿ ಯಾವುದನ್ನ ಕೆತ್ತಲಿ? ನಾಯಿಯೂ ಸೇರುತ್ತಾ?" ಅಂದ.

"ಏನೂ ಕೆತ್ತಬೇಡ" ಅಂದ ಅಜ್ಜಯ್ಯ. "ಹೋಗಿ ಬಾ ಮಗಾ. ಇನ್ನು ಒಂದೇ ಸೋಮವಾರ."

ಸುದ್ದಿ ಕೇಳಿ ನಾಯಕರು ಉರಿದುಬಿದ್ದರು. ಆದರೆ ಹಾಲವ್ವನ ಕಿವಿ ಒಂದೇ ಮಾತಿನ ಮೇಲೆ ನಿಂತಿತ್ತು. ಕಾವಲಿನ ಜಗಳದಲ್ಲಿ ಸಿಕ್ಕವರ ಮಾತು ಬೇರೆ. ಬೋಸಯ್ಯ ಸಿಕ್ಕಿದ್ದು ಕಾವಲಿನ ಜಗಳದಲ್ಲೇ ಅಲ್ಲವೇ? ಓಡಿದಳು ನಾಯಕರ ಬಾಗಿಲಿಗೆ.

"ಒಡೆಯಾ, ನಾವು ಇಟ್ಟ ಹೊರತನ್ನ ಅವರೂ ಹಿಡಿಯಬಹುದಂತೆ. ಈ ಹೊರತು ಕೆತ್ತಿಸಿದರೆ ನನ್ನ ಮಗ ಬರೋದೇ ಇಲ್ಲ."

"ಕಾವಲು ಹೋದರೆ ಊರೇ ಹೋಗುತ್ತೆ ಹಾಲವ್ವಾ. ನಿನಗೊಬ್ಬ ಮಗ, ನನಗೆ ಊರು."

"ನಾಳೆ ಊರಿನ ಇನ್ನೊಬ್ಬ ತಾಯಿಯ ಮಗ ಸಿಕ್ಕರೆ?"

ನಾಯಕರು ಎರಡು ಓಲೆಗರಿ ಬರೆಸಿದರು. ಒಂದು ಒಪ್ಪಿಗೆಯದು, ಒಂದು ಹೊರತಿನದು. "ಬಾಯಿ ಬಿಡಬೇಡ, ಗರಿ ಕೊಟ್ಟು ಬಾ" ಅಂತ ಪಾಲಯ್ಯನ ಕೈಗೆ ಕೊಟ್ಟರು.

ಹಾಲವ್ವ ದೇವರಿಗೆ ಹೆದರುವ ಹೆಣ್ಣು. ಗರಿ ಬಚ್ಚಿಡು ಅನ್ನಲಿಲ್ಲ, ಹರಿದುಹಾಕು ಅನ್ನಲಿಲ್ಲ. ಒಡೆಯನ ಉಪ್ಪು ತಿಂದು ಹಾಗೆ ಅನ್ನುವುದು ಹೇಗೆ? ದೀಪ ಹಚ್ಚಿ ಸುಮ್ಮನೆ ಕೂತಳು. ಮೂರನೇ ಸೋಮವಾರ ಬೆಳಿಗ್ಗೆ ಪಾಲಯ್ಯ ಹೊರಡುವಾಗ, ಗುಡಿಗೆ ಹೋಗುವ ಮಕ್ಕಳಿಗೆ ಎಲ್ಲ ತಾಯಂದಿರೂ ಹೇಳುವ ಮಾತನ್ನೇ ಹೇಳಿದಳು: "ಬೇಡದ್ದೆಲ್ಲ ಹೊರಗೆ ಬಿಟ್ಟು ಒಳಗೆ ಹೋಗಪ್ಪ."

ಪಾಲಯ್ಯ ಗರಿ ಎರಡನ್ನೂ ಮುಂದೆ ಹಿಡಿದ. "ಅವ್ವಾ, ಇದು ಬೇಕಾ?"

"ಒಪ್ಪಿಗೆ. ಬೇಕಪ್ಪಾ, ಅದು ಬೇಕೇ ಬೇಕು."

"ಇದು?"

ಹಾಲವ್ವನಿಗೆ ಸುಳ್ಳು ಬರಲಿಲ್ಲ. "ನನಗಂತೂ ಬೇಡ ಕಣೋ" ಅಂದು ಸೆರಗು ಬಾಯಿಗೆ ಒತ್ತಿಕೊಂಡಳು.

"ಹೂಂ ಅವ್ವಾ" ಅಂದ, ಹೋದ.

ಗುಡಿಯ ಮುಂದೆ ಚಪ್ಪಲಿ ಬಿಟ್ಟ. ಕೋಲು ಬಿಟ್ಟ. ಹೊರತಿನ ಗರಿಯನ್ನೂ ಚಪ್ಪಲಿಯ ಪಕ್ಕದಲ್ಲಿ ಬಿಟ್ಟ. ಒಳಗೆ ಹೋಗಿ ಒಪ್ಪಿಗೆ ಗರಿ ಕೊಟ್ಟು ಬಾಯಿ ಬಿಗಿಹಿಡಿದು ನಿಂತ.

ಅಜ್ಜಯ್ಯ ಓದಿದ. "ಕಗ್ಗಲಹಟ್ಟಿ ಒಪ್ಪಿದೆ. ಸರಿ. ನಿಮ್ಮ ಹೊರತು ಎಲ್ಲಿ?"

ಬಾಯಿ ಬಿಡಬೇಡ ಅಂದಿದ್ದರಲ್ಲ, ಪಾಲಯ್ಯ ಬಾಗಿಲ ಕಡೆ ಬೆರಳು ತೋರಿಸಿದ. ಎಲ್ಲರೂ ತಿರುಗಿ ನೋಡಿದರು. ಮಲ್ಲಯ್ಯನಿಗೆ ಹರಕೆ ಬಿಟ್ಟ ಆಡೊಂದು ಚಪ್ಪಲಿಯ ಪಕ್ಕ ನಿಂತು ಗರಿಯ ಕೊನೇ ತುಂಡನ್ನು ಮೆಲ್ಲಗೆ ಒಳಗೆಳೆದುಕೊಳ್ಳುತ್ತಿತ್ತು.

ಅಜ್ಜಯ್ಯ ಬಹಳ ಹೊತ್ತು ಆಡನ್ನು ನೋಡಿದ. ಆಮೇಲೆ ಲಿಂಗದ ಕಡೆ ನೋಡಿದ. "ಆಚಾರೀ, ಕೆತ್ತು. ಕಗ್ಗಲಹಟ್ಟಿ. ಹೊರತಿಲ್ಲ."

ಆಚಾರಿ ಕೆತ್ತಿದ. ಆರು ಹೆಸರಿನ ಕೆಳಗೂ ಆರು ಹೊರತು. ಒಂದೇ ಒಂದು ಹೆಸರಿನ ಕೆಳಗೆ ತಾಮ್ರ ಬರಿದಾಗಿ ಹೊಳೆಯಿತು. ಅಷ್ಟು ದಿನ ನಕ್ಕಿದ್ದ ಎತ್ತಿನಗುಡ್ಡದವನು ಹೆಗಲ ಮೇಲಿನ ವಲ್ಲಿ ತೆಗೆದು ಸೊಂಟಕ್ಕೆ ಸುತ್ತಿಕೊಂಡು, "ಶರಣು ಕಣಪ್ಪಾ, ನಿಮ್ಮೂರು ದೊಡ್ಡದು" ಅಂದ.

ಈ ಮಾತು ಪಾಲಯ್ಯನಿಗಿಂತ ಮುಂಚೆ ಕಗ್ಗಲಹಟ್ಟಿಗೆ ಬಂತು. ನಾಯಕರು ಚಾಟಿ ಹಿಡಿದು ಹೊರಗೆ ಬಂದರೆ, ಆರೂ ಪಾಳೆಯದಿಂದ ಜನ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. "ಹೊರತಿಲ್ಲದ ನಾಯಕರು ಇವರೇನಾ?" ಅಂತ ಕೇಳುತ್ತಿದ್ದಾರೆ. ನಾಯಕರು ಚಾಟಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿ, ಮೀಸೆ ತೀಡಿ, "ನಮ್ಮದು ಮೊದಲಿಂದಲೂ ಹೀಗೇ" ಅಂದರು.

ಮೂರನೇ ದಿನ ಮಧ್ಯಾಹ್ನ ಬೋಸಯ್ಯ ಮನೆಗೆ ಬಂದ. ಕೆನ್ನೆ ಒಳಗೆ ಹೋಗಿತ್ತು. ಹಾಲವ್ವ ಅವನ ಮುಖ ಸವರಿದಳು, ಮಲ್ಲಯ್ಯನಿಗೆ ಕಾಯಿ ಒಡೆದಳು, ಬಿಸಿ ಮುದ್ದೆ ಹುರುಳಿ ಸಾರು ಬಡಿಸಿದಳು. ಬೋಸಯ್ಯ ಎರಡು ಮುದ್ದೆ ಉಂಡು ಏಳಲು ಹೋದ. ಹಾಲವ್ವ ಅವನ ಭುಜ ಹಿಡಿದು ಕೂರಿಸಿದಳು.

"ಕೂತ್ಕೊ. ಇನ್ನೊಂದು ಮುದ್ದೆ ಉಣ್ಣೋವರೆಗೂ ನಿನ್ನ ಬಿಡಾಕಿಲ್ಲ."

ಮೂಲೆಯಲ್ಲಿ ಉಣ್ಣುತ್ತಿದ್ದ ಪಾಲಯ್ಯನ ಕೈ ಅಲ್ಲೇ ನಿಂತಿತು. "ಅವ್ವಾ, ಏನಂದೆ?"

"ಉಣ್ಣದೆ ಬಿಡಾಕಿಲ್ಲ ಅಂದೆ."

"ಹಿಡಿದಿಟ್ಟುಕೊಂಡು, ಇಂಥದ್ದು ಮಾಡು ಆಮೇಲೆ ಬಿಡ್ತೀನಿ ಅಂತಿದೀಯ. ಮಲ್ಲಯ್ಯನ ಮುಂದೆ ಮಾತು ಕೊಟ್ಟು ಬಂದೋನು ನಾನು. ನಮ್ಮೂರಿಗೆ ಹೊರತಿಲ್ಲ."

ಹಾಲವ್ವ "ಏ ಮಂಕೇ" ಅನ್ನುವಷ್ಟರಲ್ಲಿ ಪಾಲಯ್ಯ ಅಣ್ಣನನ್ನು ಎಂಜಲುಗೈಯಲ್ಲೇ ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಕೇರಿ ದಾಟಿದ, ಬಾವಿ ದಾಟಿದ, ಊರ ಗಡಿಕಲ್ಲಿನ ಆಚೆ ತಂದು ಇಳಿಸಿದ. "ಹೋಗಣ್ಣಾ, ನಿನ್ನ ಬಿಡಿಸಿದ್ದೀನಿ."

"ಲೋ, ನನಗೆ ಹಸಿವೇ ಹೋಗಿಲ್ಲ ಕಣೋ. ಇನ್ನೊಂದು ಮುದ್ದೆ ಬೇಕಾಗಿತ್ತು. ನಾನಾಗಿ ವಾಪಸ್ ಹೋದರೆ ತಪ್ಪಾ?"

ಪಾಲಯ್ಯ ತಲೆ ಕೆರೆದುಕೊಂಡ. "ಅದು ನನಗೆ ತಿಳೀದು. ಅಜ್ಜಯ್ಯನ್ನ ಕೇಳ್ಕೊಂಡು ಬರ್ತೀನಿ. ಅಲ್ಲೀವರೆಗೂ ಇಲ್ಲೇ ಇರು, ಅಲ್ಲಾಡಬೇಡ" ಅಂತ ಗುಡ್ಡದ ದಾರಿ ಹಿಡಿದ.

ಹಾಲವ್ವ ಸೌಟು ಹಿಡಿದು ಓಡೋಡಿ ಬರುವಷ್ಟರಲ್ಲಿ ಅವನು ಅರ್ಧ ದಾರಿ ಸವೆಸಿದ್ದ. ನೀರಿಗೆ ಬಂದ ನೆರೆಮನೆ ಗಂಗಕ್ಕ ಕೊಡ ಇಳಿಸಿ, "ಅದೇನೇ ಹಾಲವ್ವಾ, ನಿನ್ನ ಪೆದ್ದ ಉಣ್ಣೋದು ಬಿಟ್ಟು ಎಲ್ಲಿಗೆ ಹೊರಟ?" ಅಂದಳು.

ಹಾಲವ್ವ ದೊಡ್ಡ ಮಗನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಚಿಕ್ಕ ಮಗ ಹೋಗುವ ದಾರಿಯನ್ನೇ ನೋಡಿದಳು. ಅವಳ ಕಣ್ಣು ತುಂಬಿತು, ಎದೆ ಅದಕ್ಕಿಂತ ತುಂಬಿತು.

"ಅವ್ವನ ಮೇಲೆ ಫಿರ್ಯಾದು ಕೊಡೋಕೆ ಹೊರಟಿದಾನೆ ಕಣೇ, ನನ್ನ ಬಂಗಾರ" ಅಂದಳು.